ಕೊಟೇಶನ್‌ಗೆ ಒಪ್ಪುವ ಮುನ್ನ: ವೆಬ್‌ಸೈಟ್ ಮತ್ತು ಆನ್‌ಲೈನ್ ಜಾಹೀರಾತಿನ ಪದಗಳು

ದಾವಣಗೆರೆಯ ಎಸ್.ಎಸ್. ಬಡಾವಣೆಯಂಥ ಕಡೆ ಮನೆ ಯಾವುದು, ವ್ಯಾಪಾರ ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಗೆ, ಮೇಲಿನ ಮಹಡಿಯಲ್ಲಿ ವಿದ್ಯಾರ್ಥಿಗಳ ಪಿ.ಜಿ., ಸಂಜೆಯಾದರೆ ಟ್ಯೂಷನ್, ಆರ್ಡರ್ ಬಂದರೆ ಕೇಕ್. ಇಂಥವರ ಬಾಗಿಲಿಗೆ ಈಗ 'ವೆಬ್‌ಸೈಟ್ ಮಾಡಿಕೊಡ್ತೀವಿ, ಗೂಗಲ್‌ನಲ್ಲಿ ಮೊದಲನೇ ಸ್ಥಾನಕ್ಕೆ ತರ್ತೀವಿ' ಎನ್ನುವವರು ಬರುತ್ತಾರೆ. ಅವರು ಕೊಡುವ ಕೊಟೇಶನ್ ಒಂದೇ ಪುಟದ್ದು. ಅದರ ತುಂಬ ಡೊಮೇನ್, ಹೋಸ್ಟಿಂಗ್, ಎಸ್‌ಇಒ, ಬ್ಯಾಕ್‌ಲಿಂಕ್, ಲೀಡ್, ರೀಚ್ ಎಂಬ ಪದಗಳು. ಪ್ರತಿ ಪದದ ಎದುರಿಗೂ ಒಂದು ಮೊತ್ತ. ಆ ಪದ ಯಾವ ಕೆಲಸವನ್ನು ಹೇಳುತ್ತದೆ, ಆ ಕೆಲಸ ಮುಗಿದ ಮೇಲೆ ಅದು ಯಾರ ಹೆಸರಿನಲ್ಲಿ ಇರುತ್ತದೆ, ಅದರಿಂದ ಗಿರಾಕಿ ಬಂದದ್ದು ಹೇಗೆ ಗೊತ್ತಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲು ಬಂದರೆ ಸಾಕು, ಅರ್ಧ ಹಣ ಉಳಿಯುತ್ತದೆ. ಈ ಲೇಖನ ಅದಕ್ಕಾಗಿ.

ಹೆಸರು ಯಾರದು?

ಡೊಮೇನ್ ಎಂದರೆ ಇಂಟರ್‌ನೆಟ್ಟಿನಲ್ಲಿ ನಿಮ್ಮ ವಿಳಾಸ: ಅಂಗಡಿಯ ಹೆಸರು, ಚುಕ್ಕೆ, ಆಮೇಲೆ ಕಾಮ್ ಅಥವಾ ಇನ್. ಇದನ್ನು ಶಾಶ್ವತವಾಗಿ ಕೊಳ್ಳಲು ಬರುವುದಿಲ್ಲ. ಒಂದು ವರ್ಷದಿಂದ ಹತ್ತು ವರ್ಷದವರೆಗೆ ನೋಂದಾಯಿಸಿ, ಅವಧಿ ಮುಗಿದಾಗ ನವೀಕರಿಸುತ್ತಾ ಹೋಗಬೇಕು. ಹೀಗೆ ನೋಂದಾಯಿಸಿಕೊಡುವ ಕಂಪನಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. 'ಡಾಟ್ ಇನ್' ಭಾರತದ್ದು, ಅದರ ಉಸ್ತುವಾರಿ ನಿಕ್ಸಿ ಎಂಬ ಸಂಸ್ಥೆಯದು. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಎಂದು ಕೊನೆಯಾಗುವ ವಿಳಾಸವೂ ಸಿಗುತ್ತದೆ. ಗಿರಾಕಿಗಳು ಕನ್ನಡದಲ್ಲೇ ಟೈಪ್ ಮಾಡುವವರಾದರೆ ಅದನ್ನೂ ಜೊತೆಗೆ ತೆಗೆದಿಟ್ಟುಕೊಳ್ಳಬಹುದು.

ವೆಚ್ಚ ದೊಡ್ಡದಲ್ಲ. ಸಾಮಾನ್ಯ ಡೊಮೇನ್ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಮೊದಲ ವರ್ಷ ರಿಯಾಯಿತಿ ತೋರಿಸಿ ಎರಡನೇ ವರ್ಷದಿಂದ ದರ ಏರಿಸುವುದು ಈ ವ್ಯವಹಾರದಲ್ಲಿ ಮಾಮೂಲು. ಹಾಗಾಗಿ ಕೇಳಬೇಕಾದದ್ದು ನವೀಕರಣದ ದರ. ಅದಕ್ಕಿಂತ ಮುಖ್ಯವಾದದ್ದು ನೋಂದಣಿಯ ಹೆಸರು. ವೆಬ್‌ಸೈಟ್ ಮಾಡುವ ಹುಡುಗ ತನ್ನ ಇಮೇಲ್‌ನಲ್ಲಿ, ತನ್ನ ಖಾತೆಯಲ್ಲಿ ನೋಂದಾಯಿಸಿಬಿಟ್ಟರೆ ಕಾಗದದ ಮೇಲೆ ಆ ವಿಳಾಸ ಅವನದೇ. ಅವನು ಊರು ಬಿಟ್ಟರೆ, ಫೋನ್ ನಂಬರ್ ಬದಲಾಯಿಸಿದರೆ, ನಿಮ್ಮ ಬೋರ್ಡಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ, ಕ್ಯಾರಿ ಬ್ಯಾಗಿನ ಮೇಲೆ ಅಚ್ಚಾದ ವಿಳಾಸ ನಿಮ್ಮ ಕೈಯಲ್ಲಿ ಇರುವುದಿಲ್ಲ. ಅವಧಿ ಮೀರಿದ ಡೊಮೇನ್‌ಗೆ ಕೆಲವು ದಿನ ಬಿಡುವು ಸಿಗುತ್ತದೆ, ನಂತರ ಬಿಡಿಸಿಕೊಳ್ಳಲು ಹೆಚ್ಚಿನ ದರ ತೆರಬೇಕು, ಅದೂ ದಾಟಿದರೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಡೊಮೇನ್ ಖಾತೆಯನ್ನು ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರಿನಲ್ಲೇ ತೆರೆಯಿಸಿ. ಹಣವನ್ನು ನೀವೇ ಪಾವತಿಸಿ. ಈ ಮಾತಿನಲ್ಲಿ ಯಾರ ಮುಲಾಜಿಗೂ ಬೀಳಬೇಡಿ.

ನಮ್ಮ ಊರಿನ ಹೆಸರನ್ನೇ ವಿಳಾಸದಲ್ಲಿ ಸೇರಿಸುವವರಿಗೆ ಒಂದು ಕಿವಿಮಾತು. ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ಬರೆಯುವ ಎರಡು ಬಗೆ ಚಾಲ್ತಿಯಲ್ಲಿವೆ. ವಿಶ್ವವಿದ್ಯಾನಿಲಯದ ಹೆಸರಿನಲ್ಲಿ 'ಎನ್' ಆದ ಕೂಡಲೇ 'ಜಿ' ಬರುತ್ತದೆ. ಜಿಲ್ಲಾಡಳಿತದ ಜಾಲತಾಣದ ವಿಳಾಸದಲ್ಲಿ ಇವೆರಡರ ನಡುವೆ ಒಂದು 'ಎ' ಇದೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಶಿವಮೊಗ್ಗ ಸೇರಿ 12 ಊರುಗಳ ಇಂಗ್ಲಿಷ್ ಕಾಗುಣಿತವನ್ನು ಸರ್ಕಾರ ಬದಲಿಸಿದಾಗ ದಾವಣಗೆರೆ ಆ ಪಟ್ಟಿಯಲ್ಲಿ ಇರಲಿಲ್ಲ. ಎರಡೂ ರೂಪ ಉಳಿದುಕೊಂಡಿವೆ. ಆದ್ದರಿಂದ ಎರಡೂ ಕಾಗುಣಿತದ ಡೊಮೇನ್ ತೆಗೆದುಕೊಂಡು, ಒಂದಕ್ಕೆ ಬಂದವರು ತಾನಾಗಿ ಇನ್ನೊಂದಕ್ಕೆ ಹೋಗುವಂತೆ ಮಾಡಿಸಿ. ಇದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ. ಐದು ನಿಮಿಷದ ಕೆಲಸ.

ಹೋಸ್ಟಿಂಗ್ ಬೇರೆ ವಿಷಯ. ನಿಮ್ಮ ವೆಬ್‌ಸೈಟಿನ ಪುಟ, ಚಿತ್ರಗಳೆಲ್ಲ ಇಪ್ಪತ್ನಾಲ್ಕು ಗಂಟೆ ಓಡುವ ಒಂದು ಕಂಪ್ಯೂಟರಿನಲ್ಲಿ ಇರಬೇಕು. ಆ ಕಂಪ್ಯೂಟರ್ ಸರ್ವರ್, ಅದರಲ್ಲಿ ಜಾಗ ಬಾಡಿಗೆಗೆ ಪಡೆಯುವುದು ಹೋಸ್ಟಿಂಗ್. ಹತ್ತು ಪುಟದ ಅಂಗಡಿ ವೆಬ್‌ಸೈಟಿಗೆ, ಹಲವಾರು ಸೈಟುಗಳು ಒಂದೇ ಸರ್ವರ್ ಹಂಚಿಕೊಳ್ಳುವ 'ಶೇರ್ಡ್ ಹೋಸ್ಟಿಂಗ್' ಸಾಕು. ಡೊಮೇನ್ ಎಂಬ ವಿಳಾಸವನ್ನು ಆ ಸರ್ವರಿಗೆ ಜೋಡಿಸುವ ವ್ಯವಸ್ಥೆ ಡಿಎನ್‌ಎಸ್.

ಎಸ್‌ಎಸ್‌ಎಲ್ ಎಂಬುದು ವಿಳಾಸದ ಆರಂಭದಲ್ಲಿ 'ಎಚ್‌ಟಿಟಿಪಿ' ಬದಲು 'ಎಚ್‌ಟಿಟಿಪಿಎಸ್' ಬರುವಂತೆ ಮಾಡುವ ಪ್ರಮಾಣಪತ್ರ. ಗಿರಾಕಿ ಬರೆದು ಕಳಿಸುವ ಹೆಸರು, ನಂಬರು ದಾರಿಯಲ್ಲಿ ಬೇರೆಯವರ ಕಣ್ಣಿಗೆ ಬೀಳದಂತೆ ಅದು ಕಾಯುತ್ತದೆ. ಇದಿಲ್ಲದ ಸೈಟುಗಳಿಗೆ ಕ್ರೋಮ್ ಬ್ರೌಸರ್ 2018ರ ಜುಲೈನಿಂದ 'ಸುರಕ್ಷಿತವಲ್ಲ' ಎಂಬ ಹಣೆಪಟ್ಟಿ ಹಚ್ಚುತ್ತಿದೆ. ಕೊಟೇಶನ್‌ನಲ್ಲಿ ಎಸ್‌ಎಸ್‌ಎಲ್‌ಗೆ ಸಾವಿರಗಟ್ಟಲೆ ಹಾಕಿದ್ದರೆ ಪ್ರಶ್ನಿಸಿ. 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಲಾಭರಹಿತ ವ್ಯವಸ್ಥೆ ಇದನ್ನು ಪುಕ್ಕಟೆ ಕೊಡುತ್ತದೆ, ಬಹುತೇಕ ಹೋಸ್ಟಿಂಗ್ ಕಂಪನಿಗಳು ಅದನ್ನೇ ಅಳವಡಿಸಿಕೊಡುತ್ತವೆ. ಸಣ್ಣ ಅಂಗಡಿಗೆ ಅದು ಧಾರಾಳವಾಗಿ ಸಾಕು.

ಪುಟದ ಒಳಗೆ

ವೆಬ್‌ಸೈಟಿನ ಬರಹ, ಚಿತ್ರ, ಬೆಲೆಗಳನ್ನು ನೀವೇ ಬದಲಾಯಿಸಿಕೊಳ್ಳಲು ಅನುವು ಮಾಡುವ ತಂತ್ರಾಂಶ ಸಿಎಂಎಸ್. 2003ರಲ್ಲಿ ಬಂದ ವರ್ಡ್‌ಪ್ರೆಸ್ ಇವುಗಳಲ್ಲಿ ಹೆಚ್ಚು ಬಳಕೆಯಾಗುವುದು, ಮತ್ತು ಅದೂ ಉಚಿತ. ಥೀಮ್ ಎಂದರೆ ಅದರ ಹೊರನೋಟ, ಪ್ಲಗಿನ್ ಎಂದರೆ ಹೆಚ್ಚುವರಿ ಸೌಲಭ್ಯ ಜೋಡಿಸುವ ತುಣುಕು. ಹಬ್ಬದ ರಿಯಾಯಿತಿ ಹಾಕಲು ಪ್ರತಿ ಸಲ ಮಾಡಿಕೊಟ್ಟವರಿಗೆ ಫೋನ್ ಮಾಡಿ ಕಾಯಬೇಕಾದ ವೆಬ್‌ಸೈಟ್ ನಿಮಗೆ ಬೇಡ.

ರೆಸ್ಪಾನ್ಸಿವ್ ಎಂಬ ಪದ ಕಂಡರೆ, ಮೊಬೈಲಿನ ಪರದೆಗೆ ತಕ್ಕಂತೆ ಪುಟ ತಾನೇ ಹೊಂದಿಕೊಳ್ಳುತ್ತದೆ ಎಂದರ್ಥ. ಗೂಗಲ್ ಈಗ ಸೈಟಿನ ಮೊಬೈಲ್ ರೂಪವನ್ನೇ ಮೊದಲು ನೋಡುತ್ತದೆ. ಮಾಡಿಕೊಟ್ಟವರು ಲ್ಯಾಪ್‌ಟಾಪಿನಲ್ಲಿ ತೋರಿಸಿದರೆ ಒಪ್ಪಬೇಡಿ, ನಿಮ್ಮ ಫೋನಿನಲ್ಲಿ, ವೈಫೈ ಆಫ್ ಮಾಡಿ ತೆರೆದು ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು ಎಂಬುದು ಗೂಗಲ್ ಹಾಕಿಕೊಂಡ ಅಳತೆ. 'ಪೇಜ್‌ಸ್ಪೀಡ್ ಇನ್‌ಸೈಟ್ಸ್' ಎಂಬ ಅದರದೇ ಉಚಿತ ಪುಟದಲ್ಲಿ ನಿಮ್ಮ ವಿಳಾಸ ಹಾಕಿದರೆ ಫಲಿತಾಂಶ ಬರುತ್ತದೆ. ವೇಗ ಕುಂದಲು ಸಾಮಾನ್ಯ ಕಾರಣ ಫೋಟೋಗಳು: ಮದುವೆ ಆಲ್ಬಮ್ಮಿಗೆ ತೆಗೆದ ಭಾರಿ ಫೈಲುಗಳನ್ನು ಹಾಗೇ ಏರಿಸಿಬಿಟ್ಟಿರುತ್ತಾರೆ.

ಕನ್ನಡದ ಅಂಗಡಿಗಳಿಗೆ ಎದುರಾಗುವ ಇನ್ನೊಂದು ತೊಡಕು ಇದೆ. ಇಂಗ್ಲಿಷ್ ಮಾರ್ಗದರ್ಶಿಗಳು ಇದರ ಬಗ್ಗೆ ಏನೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮ ಊರುಗಳಲ್ಲಿ ಕರಪತ್ರ, ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುವ ಡಿಟಿಪಿ ಅಂಗಡಿಗಳಲ್ಲಿ 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳು ಇನ್ನೂ ಬಳಕೆಯಲ್ಲಿವೆ. ಆ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರಿನ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫೈಲಿನಿಂದ ಎತ್ತಿ ವೆಬ್‌ಸೈಟಿಗೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಯೂನಿಕೋಡ್ ಎಂಬುದು ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತ ಕೊಟ್ಟ ವ್ಯವಸ್ಥೆ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಮೊಬೈಲಿನಲ್ಲಿ ನಾವು ಟೈಪ್ ಮಾಡುವ ಕನ್ನಡವೆಲ್ಲ ಯೂನಿಕೋಡೇ. ಹಳೆಯ ಬರಹವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ಸರಿಪಡಿಸಿ, ಆಮೇಲೆ ಹಾಕಬೇಕು.

ಈ ಗೋಜೇ ಬೇಡ ಎಂದು ಕನ್ನಡದ ಪೋಸ್ಟರನ್ನು ಚಿತ್ರವಾಗಿ ಅಂಟಿಸುವವರು ತುಂಬ ಮಂದಿ. ಚಿತ್ರದೊಳಗಿನ ಅಕ್ಷರವನ್ನು ಪುಟದ ಬರಹದಂತೆ ಗೂಗಲ್ ಓದಿಕೊಳ್ಳುತ್ತದೆ ಎಂದು ನೆಚ್ಚಿಕೊಳ್ಳಲಾಗದು. ಕಣ್ಣು ಕಾಣದವರ ಫೋನು ಆ ಬರಹವನ್ನು ಓದಿ ಹೇಳುವುದೂ ಕಷ್ಟ. ಚಿತ್ರ ಹಾಕಿದರೆ ಅದರ ಹಿಂದೆ 'ಆಲ್ಟ್ ಟೆಕ್ಸ್ಟ್' ಎಂಬ ವಿವರಣೆಯ ಸಾಲನ್ನು ಕನ್ನಡದಲ್ಲೇ ಬರೆಸಿ. ಬೆಲೆ, ವಿಳಾಸ, ಸಮಯ, ಫೋನ್ ನಂಬರುಗಳಂತೂ ಚಿತ್ರದಲ್ಲಿ ಇರಲೇಬಾರದು, ಒತ್ತಿದರೆ ಕರೆ ಹೋಗುವಂಥ ಅಕ್ಷರದಲ್ಲಿ ಇರಬೇಕು.

ಹುಡುಕಾಟ: ಬೆಣ್ಣೆ ದೋಸೆಯ ಪಾಠ

ಗೂಗಲ್‌ನಂಥ ಹುಡುಕುಯಂತ್ರ ಮೂರು ಕೆಲಸ ಮಾಡುತ್ತದೆ. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹಾಯುತ್ತ ಪುಟಗಳನ್ನು ಓದುವುದು ಕ್ರಾಲಿಂಗ್. ಓದಿದ್ದನ್ನು ತನ್ನ ಕಡತದಲ್ಲಿ ಸೇರಿಸಿಕೊಳ್ಳುವುದು ಇಂಡೆಕ್ಸಿಂಗ್. ಯಾರಾದರೂ ಹುಡುಕಿದಾಗ ಯಾವುದು ಮೇಲೆ, ಯಾವುದು ಕೆಳಗೆ ಎಂದು ಜೋಡಿಸುವುದು ರ‍್ಯಾಂಕಿಂಗ್. ಹಣ ಕೊಡದೆ ಈ ಸಾಲಿನಲ್ಲಿ ಮೇಲೆ ಬರುವಂತೆ ಪುಟಗಳನ್ನು ತಿದ್ದಿಕೊಳ್ಳುವ ಕೆಲಸವೇ ಎಸ್‌ಇಒ. ಜನ ಹುಡುಕಲು ಟೈಪ್ ಮಾಡುವ ಮಾತುಗಳು ಕೀವರ್ಡ್.

ಕೀವರ್ಡ್ ಆರಿಸುವುದು ಸುಲಭವಲ್ಲ ಎಂಬುದಕ್ಕೆ ನಮ್ಮ ಬೆಣ್ಣೆ ದೋಸೆಗಿಂತ ಒಳ್ಳೆಯ ಉದಾಹರಣೆ ಸಿಗದು. 'ದಾವಣಗೆರೆ ಬೆಣ್ಣೆ ದೋಸೆ' ಎಂದು ಟೈಪ್ ಮಾಡುವವರು ಯಾರು? ದಾವಣಗೆರೆಗೆ ಬಂದಿಳಿದು ಹೋಟೆಲ್ ಹುಡುಕುವವರು ಒಬ್ಬರು. ಬೆಂಗಳೂರಿನಲ್ಲಿ ಇದೇ ಬೋರ್ಡ್ ಹಾಕಿಕೊಂಡ ಹೋಟೆಲುಗಳು ಬೇಕಾದಷ್ಟಿವೆ, ಅಲ್ಲಿ ಕೂತು ತಮ್ಮ ಹತ್ತಿರದ್ದನ್ನು ಹುಡುಕುವವರು ಇನ್ನೊಬ್ಬರು. ಮನೆಯಲ್ಲೇ ಮಾಡಲು ಹಿಟ್ಟಿನ ಅಳತೆ, ಮಂಡಕ್ಕಿ ಎಷ್ಟು ಹಾಕಬೇಕೆಂದು ಕೇಳುವವರು ಮತ್ತೊಬ್ಬರು. ಟೈಪ್ ಮಾಡಿದ ಮಾತು ಒಂದೇ, ಬೇಕಾದದ್ದು ಬೇರೆ ಬೇರೆ. ಈ ಬೇಕಾದದ್ದಕ್ಕೆ ಆ ವೃತ್ತಿಯವರು 'ಸರ್ಚ್ ಇಂಟೆಂಟ್' ಎನ್ನುತ್ತಾರೆ. ದಾವಣಗೆರೆಯ ಹೋಟೆಲಿನವರಿಗೆ ಕಾಸು ತರುವವರು ಮೊದಲನೆಯವರು ಮಾತ್ರ. ಅವರು ಬಹುಶಃ 'ಬಸ್ ನಿಲ್ದಾಣದ ಹತ್ತಿರ ಬೆಣ್ಣೆ ದೋಸೆ', 'ದಾವಣಗೆರೆಯಲ್ಲಿ ಬೆಳಗಿನ ತಿಂಡಿ' ಎಂದು ಹುಡುಕುತ್ತಾರೆ. ಇಂಥ ಉದ್ದನೆಯ, ನಿಖರವಾದ ಹುಡುಕಾಟದ ಮಾತಿಗೆ 'ಲಾಂಗ್ ಟೇಲ್ ಕೀವರ್ಡ್' ಎಂಬ ಹೆಸರಿದೆ. ಸಣ್ಣ ವ್ಯಾಪಾರ ಗೆಲ್ಲುವುದು ಇಲ್ಲೇ. 'ಬ್ಲೌಸ್ ಡಿಸೈನ್' ಎಂಬ ಮಾತಿಗೆ ಇಡೀ ದೇಶದೊಂದಿಗೆ ಪೈಪೋಟಿ, 'ಎಸ್.ಎಸ್. ಲೇಔಟ್ ದಾವಣಗೆರೆ ಆರಿ ವರ್ಕ್ ಬ್ಲೌಸ್' ಎಂಬುದಕ್ಕೆ ನಾಲ್ಕು ಬೀದಿಯೊಂದಿಗೆ. ಬಡಾವಣೆ, ಲೇಔಟ್ ಎರಡೂ ಮಾತು ಜನರ ಬಾಯಲ್ಲಿವೆ, ಆದ್ದರಿಂದ ಎರಡನ್ನೂ ಪುಟದ ಬರಹದಲ್ಲಿ ಸಹಜವಾಗಿ ಬಳಸಿ. ಒಂದೇ ಮಾತನ್ನು ಇಪ್ಪತ್ತು ಸಲ ತುರುಕಿದರೆ ಗೂಗಲ್ ಅದನ್ನು ಕಸ ಎಂದೇ ಎಣಿಸುತ್ತದೆ.

ಕೊಟೇಶನ್‌ನಲ್ಲಿ 'ಮೆಟಾ ಕೀವರ್ಡ್ಸ್' ಎಂಬ ಸಾಲಿಗೆ ಹಣ ಕೇಳಿದರೆ ಹೊಡೆದುಹಾಕಿ. ಪುಟದ ಹಿಂದೆ ಅಡಗಿಸಿಡುವ ಆ ಪಟ್ಟಿಯನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. 'ಮೆಟಾ ಟೈಟಲ್', 'ಡಿಸ್ಕ್ರಿಪ್ಷನ್' ಬೇರೆ: ಹುಡುಕಾಟದ ಫಲಿತಾಂಶದಲ್ಲಿ ಕಾಣುವ ನೀಲಿ ಶೀರ್ಷಿಕೆ, ಅದರ ಕೆಳಗಿನ ಎರಡು ಸಾಲು ಅವು. ಅವನ್ನು ಶ್ರದ್ಧೆಯಿಂದ ಬರೆಸಬೇಕು. ಬ್ಯಾಕ್‌ಲಿಂಕ್ ಎಂದರೆ ಬೇರೆ ವೆಬ್‌ಸೈಟಿನವರು ನಿಮ್ಮ ಪುಟಕ್ಕೆ ಕೊಡುವ ಕೊಂಡಿ. ಪತ್ರಿಕೆಯೊಂದು ನಿಮ್ಮ ಬಗ್ಗೆ ಬರೆದು ಕೊಂಡಿ ಕೊಟ್ಟರೆ ಅದಕ್ಕೆ ಬೆಲೆ ಇದೆ. 'ಐನೂರು ಬ್ಯಾಕ್‌ಲಿಂಕ್ ಇಷ್ಟು ರೂಪಾಯಿಗೆ' ಎಂದು ಮಾರುವುದು ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಪೆಟ್ಟು ಬೀಳುವುದು ನಿಮ್ಮ ಸೈಟಿಗೆ, ಮಾರಿದವರಿಗಲ್ಲ.

'ಮೊದಲನೇ ಸ್ಥಾನ ಗ್ಯಾರಂಟಿ' ಎಂಬ ಮಾತಿಗೂ ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ನೇರ ಉತ್ತರ ಕೊಟ್ಟಿದೆ: ಆ ಗ್ಯಾರಂಟಿಯನ್ನು ಯಾರೂ ಕೊಡಲಾರರು. ಹಾಗೆ ಹೇಳಿದವರೊಂದಿಗೆ ಮಾತು ಅಲ್ಲಿಗೇ ನಿಲ್ಲಿಸಬಹುದು.

ವೆಬ್‌ಸೈಟಿಗಿಂತ ಮೊದಲು ಮ್ಯಾಪ್

ಬಡಾವಣೆಯ ವ್ಯಾಪಾರಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಪುಕ್ಕಟೆ ಸಿಗುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬುದು ನನ್ನ ಖಚಿತ ಅಭಿಪ್ರಾಯ. 2021ರವರೆಗೆ ಇದರ ಹೆಸರು 'ಗೂಗಲ್ ಮೈ ಬಿಸಿನೆಸ್' ಎಂದಿತ್ತು. ಮ್ಯಾಪಿನಲ್ಲಿ ಅಂಗಡಿಯ ಹೆಸರು, ಸಮಯ, ಫೋಟೋ, ಫೋನು, ವಿಮರ್ಶೆಗಳೊಂದಿಗೆ ಕಾಣುವುದು ಇದೇ. ಅಂಗಡಿ ನಿಮ್ಮದೇ ಎಂದು ಸಾಬೀತು ಮಾಡುವುದಕ್ಕೆ ವೆರಿಫಿಕೇಶನ್ ಎನ್ನುತ್ತಾರೆ. ಈಗ ಸಾಮಾನ್ಯವಾಗಿ ಬೀದಿ, ಬೋರ್ಡು, ಒಳಗಿನ ಸಾಮಾನು ಕಾಣುವಂತೆ ಒಂದು ವಿಡಿಯೊ ತೆಗೆದು ಕಳಿಸಲು ಕೇಳುತ್ತಾರೆ. ಇದಕ್ಕೆ ಶುಲ್ಕವಿಲ್ಲ. 'ಗೂಗಲ್‌ನಿಂದ ಮಾತಾಡ್ತಿದ್ದೀವಿ, ಹಣ ಕಟ್ಟದಿದ್ದರೆ ನಿಮ್ಮ ಅಂಗಡಿ ಮ್ಯಾಪಿನಿಂದ ತೆಗೀತೀವಿ' ಎಂಬ ಕರೆ ಬಂದರೆ ಅದು ಮೋಸ. ಬಂದ ಓಟಿಪಿಯನ್ನು ಹೇಳಲೇಬೇಡಿ, ಆ ಓಟಿಪಿ ನಿಮ್ಮ ಪ್ರೊಫೈಲಿನ ಬೀಗದ ಕೈ.

ಮ್ಯಾಪಿನಲ್ಲಿ ಯಾರು ಮೇಲೆ ಬರುತ್ತಾರೆ ಎಂಬುದಕ್ಕೆ ಗೂಗಲ್ ಹೇಳುವ ಅಂಶ ಮೂರು: ಹುಡುಕಿದ್ದಕ್ಕೂ ನಿಮಗೂ ಎಷ್ಟು ಸಂಬಂಧ, ಹುಡುಕುವವರಿಂದ ನೀವು ಎಷ್ಟು ದೂರ, ನೀವು ಎಷ್ಟು ಹೆಸರುವಾಸಿ. ಹಣ ಕೊಟ್ಟು ಈ ಸಾಲಿನಲ್ಲಿ ಮೇಲೇರಲು ಬರುವುದಿಲ್ಲ. ಅಂಗಡಿಯ ಹೆಸರಿಗೆ 'ದಾವಣಗೆರೆಯ ನಂ. 1 ಬ್ಲೌಸ್ ಡಿಸೈನರ್' ಎಂದು ಬಾಲ ಅಂಟಿಸುವುದು ನಿಯಮಬಾಹಿರ, ಪ್ರೊಫೈಲನ್ನೇ ಅಮಾನತಿನಲ್ಲಿ ಇಡಬಹುದು. ಬೋರ್ಡಿನ ಮೇಲಿರುವ ಹೆಸರೇ ಅಲ್ಲಿಯೂ ಇರಲಿ. ಪಿನ್ ಸರಿಯಾದ ಜಾಗದಲ್ಲಿ ಬಿದ್ದಿದೆಯೇ ನೋಡಿ. 'ಎ' ಬ್ಲಾಕೋ 'ಬಿ' ಬ್ಲಾಕೋ, ಎಷ್ಟನೇ ಮೇನ್, ಎಷ್ಟನೇ ಕ್ರಾಸ್, ಎದುರಿಗೆ ಯಾವ ಪಾರ್ಕು ಎಂಬುದನ್ನು ಸೇರಿಸಿದರೆ ಡೆಲಿವರಿ ಹುಡುಗರು ಹತ್ತು ಸಲ ಫೋನ್ ಮಾಡುವುದು ತಪ್ಪುತ್ತದೆ.

ವಿಮರ್ಶೆಗಳನ್ನು ಕೇಳಿ ಪಡೆಯುವುದು ತಪ್ಪಲ್ಲ, ಕೊಂಡುಕೊಳ್ಳುವುದು ತಪ್ಪು. 'ಐದು ಸ್ಟಾರ್ ಕೊಟ್ಟರೆ ಹತ್ತು ಪರ್ಸೆಂಟ್ ಕಡಿಮೆ' ಎಂಬುದಕ್ಕೂ ಗೂಗಲ್ ಅನುಮತಿ ಇಲ್ಲ. ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದೆ. ಕಟುವಾದ ವಿಮರ್ಶೆ ಬಂದರೆ ಜಗಳಕ್ಕೆ ಇಳಿಯದೆ, ಏನಾಯಿತು, ಏನು ಸರಿಪಡಿಸಿದಿರಿ ಎಂದು ಎರಡು ಸಾಲು ಬರೆಯಿರಿ. ಮುಂದೆ ಬರುವ ಗಿರಾಕಿ ಆ ಉತ್ತರವನ್ನೂ ಓದುತ್ತಾರೆ.

ಜಾಹೀರಾತಿನ ಲೆಕ್ಕ

ಹಣ ಕರಗುವುದು ಇಲ್ಲಿ, ಆದ್ದರಿಂದ ಪದಗಳನ್ನು ಲೆಕ್ಕದ ಜೊತೆಗೇ ನೋಡೋಣ. ನಿಮ್ಮ ಜಾಹೀರಾತು ಪರದೆಯ ಮೇಲೆ ಒಮ್ಮೆ ಕಂಡರೆ ಒಂದು ಇಂಪ್ರೆಶನ್. ಎಷ್ಟು ಬೇರೆ ಬೇರೆ ಮಂದಿಗೆ ಕಂಡಿತು ಎಂಬುದು ರೀಚ್. ಒಬ್ಬರೇ ನಾಲ್ಕು ಸಲ ನೋಡಿದರೆ ರೀಚ್ ಒಂದು, ಇಂಪ್ರೆಶನ್ ನಾಲ್ಕು. ಸಾವಿರ ಇಂಪ್ರೆಶನ್‌ಗೆ ತೆರುವ ದರ ಸಿಪಿಎಂ. ಒಂದು ಕ್ಲಿಕ್ಕಿಗೆ ಬೀಳುವ ದರ ಸಿಪಿಸಿ. ನೂರು ಸಲ ಕಂಡಾಗ ಎಷ್ಟು ಸಲ ಒತ್ತಿದರು ಎಂಬುದು ಸಿಟಿಆರ್. 1994ರ ಅಕ್ಟೋಬರ್‌ನಲ್ಲಿ ಹಾಟ್‌ವೈರ್ಡ್ ಎಂಬ ಅಮೆರಿಕದ ತಾಣದಲ್ಲಿ ಎಟಿ ಆ್ಯಂಡ್ ಟಿ ಕಂಪನಿಯ ಬ್ಯಾನರ್ ಜಾಹೀರಾತು ಮೊದಮೊದಲ ಬಾರಿಗೆ ಬಂದಾಗ ಕಂಡವರಲ್ಲಿ ಶೇ 44 ಮಂದಿ ಒತ್ತಿದ್ದರಂತೆ. ಈಗ ಬ್ಯಾನರಿಗೆ ಶೇ 1 ಸಿಕ್ಕರೂ ಅದೇ ದೊಡ್ಡದು.

ಬ್ಲೌಸ್ ಹೊಲಿಯುವ ಅಕ್ಕ ಒಬ್ಬರು ತಿಂಗಳಿಗೆ 6,000 ರೂಪಾಯಿ ಹಾಕಿದರು, ಕ್ಲಿಕ್ಕಿಗೆ 6 ರೂಪಾಯಿ ಬಿತ್ತು ಅಂದುಕೊಳ್ಳಿ. 1,000 ಕ್ಲಿಕ್ ಬಂತು. ಅದರಲ್ಲಿ 40 ಮಂದಿ ವಾಟ್ಸ್ಆ್ಯಪ್‌ನಲ್ಲಿ ವಿಚಾರಿಸಿದರು. ಹೀಗೆ ವಿಚಾರಿಸಿದವರು ಲೀಡ್. ಒಂದು ಲೀಡಿಗೆ ಬಿದ್ದದ್ದು 150 ರೂಪಾಯಿ. ಕೊನೆಗೆ ಬಟ್ಟೆ ತಂದುಕೊಟ್ಟವರು 10 ಮಂದಿ. ನೀವು ಬಯಸಿದ ಕೆಲಸವನ್ನು ಗಿರಾಕಿ ಮಾಡಿ ಮುಗಿಸುವುದು ಕನ್ವರ್ಷನ್. ಇಲ್ಲಿ ಒಬ್ಬ ಗಿರಾಕಿಗೆ 600 ರೂಪಾಯಿ. ಜಾಹೀರಾತಿನ ಮೊತ್ತದ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ ಒಟ್ಟು 7,080, ಅಂದರೆ ಒಬ್ಬರಿಗೆ 708. ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ಈ ತೆರಿಗೆ ವಾಪಸು ಸಿಗುವುದಿಲ್ಲ. ಒಂದು ಬ್ಲೌಸಿನಲ್ಲಿ 500 ರೂಪಾಯಿ ಉಳಿಯುವುದಾದರೆ ಮೊದಲ ಬ್ಲೌಸಿನಲ್ಲಿ ನಷ್ಟ. ಅದೇ ಗಿರಾಕಿ ಗೌರಿ ಹಬ್ಬಕ್ಕೆ, ಮನೆಯ ಮದುವೆಗೆ ಮತ್ತೆ ಬಂದು ನಾಲ್ಕು ಹೊಲಿಸಿದರೆ ಒಳ್ಳೆಯ ಲಾಭ. ಗಿರಾಕಿಯೊಬ್ಬರಿಂದ ಒಟ್ಟಾರೆ ಬರುವ ಈ ಆದಾಯಕ್ಕೆ 'ಲೈಫ್‌ಟೈಮ್ ವ್ಯಾಲ್ಯೂ' ಎನ್ನುತ್ತಾರೆ. ಏಜೆನ್ಸಿಯವರು ತಿಂಗಳ ಕೊನೆಗೆ 'ಲಕ್ಷ ಇಂಪ್ರೆಶನ್ ಬಂದಿದೆ' ಎಂದು ವರದಿ ಕೊಟ್ಟರೆ, ನೀವು ಕೇಳಬೇಕಾದ ಅಂಕಿ ಎರಡೇ: ಹೊಲಿಸಿದವರು ಎಷ್ಟು ಮಂದಿ, ಒಬ್ಬರಿಗೆ ಎಷ್ಟು ಬಿತ್ತು.

ಗೂಗಲ್ ಜಾಹೀರಾತು ಹರಾಜಿನಲ್ಲಿ ಮಾರಾಟವಾಗುತ್ತದೆ. ನಮ್ಮ ಎಪಿಎಂಸಿಯ ಮೆಕ್ಕೆಜೋಳದ ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಮಾಲು. ಗೂಗಲ್‌ನಲ್ಲಿ ಹಾಗಲ್ಲ, ಕೂಗಿದ ಮೊತ್ತದ ಜೊತೆಗೆ ಜಾಹೀರಾತು ಎಷ್ಟು ಹೊಂದುತ್ತದೆ, ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ ಎಂಬುದನ್ನೂ ತೂಗುತ್ತಾರೆ. ಆ ತೂಕದ ಅಂದಾಜು ಕೊಡುವ ಅಂಕ ಕ್ವಾಲಿಟಿ ಸ್ಕೋರ್. ಒತ್ತಿದಾಗ ತೆರೆಯುವ ಪುಟ ಲ್ಯಾಂಡಿಂಗ್ ಪೇಜ್. ಆರಿ ವರ್ಕ್ ಜಾಹೀರಾತು ಒತ್ತಿದವರನ್ನು ಮುಖಪುಟಕ್ಕೆ ಕಳಿಸದೆ ಆರಿ ವರ್ಕಿನ ಫೋಟೋ, ದರ, ಫೋನ್ ಇರುವ ಪುಟಕ್ಕೇ ಕಳಿಸಬೇಕು.

ಟಾರ್ಗೆಟಿಂಗ್ ಎಂದರೆ ಯಾರಿಗೆ, ಎಲ್ಲಿ ಕಾಣಬೇಕೆಂದು ಗೊತ್ತುಮಾಡುವುದು. ಹರಿಹರ ಇಲ್ಲಿಂದ ಸುಮಾರು 14 ಕಿ.ಮೀ. ಬಡಾವಣೆಯ ಸುತ್ತ 5 ಕಿ.ಮೀ. ವೃತ್ತ ಹಾಕಿದರೆ ಹರಿಹರ ಹೊರಗೆ ಉಳಿಯುತ್ತದೆ. 'ದಾವಣಗೆರೆ ಜಿಲ್ಲೆ' ಎಂದು ಆರಿಸಿದರೆ ಹರಿಹರ ಒಳಗೆ ಬಂದರೂ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣ ಬಿಟ್ಟುಹೋಗುತ್ತದೆ, ಏಕೆಂದರೆ ಅದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಸೇತುವೆ ದಾಟಿ ಹರಿಹರಕ್ಕೆ, ದಾವಣಗೆರೆಗೆ ದಿನವೂ ಬರುವ ಅಲ್ಲಿನ ಕಾರ್ಮಿಕ ಕುಟುಂಬಗಳು ಬೇಕೆಂದರೆ ಜಿಲ್ಲೆಯ ಬದಲು 20 ಕಿ.ಮೀ. ವೃತ್ತವೇ ಸರಿ. ಇನ್ನೊಂದು ಸೆಟ್ಟಿಂಗ್ ಹಲವರ ಕಣ್ಣು ತಪ್ಪಿಸುತ್ತದೆ. ಗೂಗಲ್ ಆ್ಯಡ್ಸ್‌ನಲ್ಲಿ ಊರಿನಲ್ಲಿ ಇರುವವರಿಗಷ್ಟೇ ಅಲ್ಲದೆ ಆ ಊರಿನ ಬಗ್ಗೆ ಆಸಕ್ತಿ ತೋರಿದವರಿಗೂ ಜಾಹೀರಾತು ಕಾಣುವ ಆಯ್ಕೆ ಮೊದಲೇ ಒತ್ತಿರುತ್ತದೆ. ಅದನ್ನು 'ಈ ಊರಿನಲ್ಲಿ ಇರುವವರು' ಎಂಬುದಕ್ಕೆ ಬದಲಿಸದಿದ್ದರೆ ಬೆಂಗಳೂರಿನಲ್ಲಿ ಕೂತು ಬೆಣ್ಣೆ ದೋಸೆ ಹುಡುಕುವವರ ಕ್ಲಿಕ್ಕಿಗೂ ದಾವಣಗೆರೆ ಹೋಟೆಲಿನವರೇ ಹಣ ತೆರಬೇಕು. ಜೊತೆಗೆ 'ರೆಸಿಪಿ', 'ಮಾಡುವ ವಿಧಾನ', 'ಬೆಂಗಳೂರು' ಎಂಬ ಮಾತುಗಳಿದ್ದರೆ ಜಾಹೀರಾತು ತೋರಿಸಬೇಡಿ ಎಂದು ಪಟ್ಟಿ ಕೊಡಬಹುದು. ಅವು ನೆಗೆಟಿವ್ ಕೀವರ್ಡ್. ಈ ಪಟ್ಟಿ ಮಾಡದ ಏಜೆನ್ಸಿ ನಿಮ್ಮ ಹಣದ ಬಗ್ಗೆ ಯೋಚಿಸಿಲ್ಲ ಎಂದೇ ತಿಳಿಯಬೇಕು.

ವೈದ್ಯರ ಕ್ಲಿನಿಕ್ಕುಗಳು ಹೆಚ್ಚಿರುವ ಊರಾದ್ದರಿಂದ ಒಂದು ಎಚ್ಚರಿಕೆ: ರೋಗಿಗಳನ್ನು ಸೆಳೆಯುವ ಜಾಹೀರಾತು ಕೊಡುವುದಕ್ಕೆ ವೈದ್ಯರ ವೃತ್ತಿ ನಡಾವಳಿಯ 2002ರ ನಿಯಮಗಳಲ್ಲಿ ನಿರ್ಬಂಧವಿದೆ. ವಕೀಲರಿಗೂ ಬಾರ್ ಕೌನ್ಸಿಲ್ ನಿಯಮದ ತಡೆ ಇದೆ. ಅವರು 'ಲೀಡ್ ಪ್ಯಾಕೇಜ್' ಒಪ್ಪುವ ಮುನ್ನ ತಮ್ಮ ಮಂಡಳಿಯ ನಿಯಮ ಓದಬೇಕು.

ಬೂಸ್ಟ್, ರೀಲ್ಸ್, ಮೆಸೇಜು

ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಹಾಕಿದ ಪೋಸ್ಟನ್ನು ಹಣ ಕೊಟ್ಟು ಹೆಚ್ಚು ಮಂದಿಗೆ ಕಾಣಿಸುವುದು ಬೂಸ್ಟ್. ಲೈಕ್, ಕಾಮೆಂಟ್, ಶೇರ್, ಸೇವ್ ಎಲ್ಲ ಸೇರಿ ಎಂಗೇಜ್‌ಮೆಂಟ್. ಹಣವಿಲ್ಲದೆ ತಾನಾಗಿ ತಲುಪಿದ್ದು ಆರ್ಗ್ಯಾನಿಕ್ ರೀಚ್. ಫಾಲೋವರ್ ಸಂಖ್ಯೆಯನ್ನು ಕೊಂಡುಕೊಳ್ಳಬೇಡಿ. ಎಲ್ಲೋ ಇರುವ ನಕಲಿ ಖಾತೆಗಳು ನಿಮ್ಮಲ್ಲಿ ಬ್ಲೌಸ್ ಹೊಲಿಸುವುದಿಲ್ಲ. ತಿಂಡಿಯ ರೀಲ್ಸ್ ಮಾಡುವ ಹುಡುಗರಿಗೆ ಹಣ ಅಥವಾ ಪುಕ್ಕಟೆ ಊಟ ಕೊಟ್ಟು ವಿಡಿಯೊ ಮಾಡಿಸಿದರೆ ಅದು ಜಾಹೀರಾತು ಎಂದು ಎದ್ದು ಕಾಣುವಂತೆ ಹೇಳಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್ ಉಚಿತ. ಬೆಲೆ ಸಮೇತ ಚಿತ್ರಗಳನ್ನು ಜೋಡಿಸಿಡುವ ಕ್ಯಾಟಲಾಗ್, ಅಂಗಡಿ ಮುಚ್ಚಿದಾಗ ತಾನಾಗಿ ಹೋಗುವ ಉತ್ತರ, ಗಿರಾಕಿಗಳನ್ನು ವಿಂಗಡಿಸುವ ಲೇಬಲ್ ಇವೆ. ಬ್ರಾಡ್‌ಕಾಸ್ಟ್ ಸಂದೇಶ ತಲುಪುವುದು ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ. ಹಾಗಾಗಿ ಬಿಲ್ ಕೊಡುವಾಗಲೇ 'ನಂಬರ್ ಸೇವ್ ಮಾಡ್ಕೊಳ್ಳಿ' ಎನ್ನುವುದು ಒಳ್ಳೆಯ ರೂಢಿ.

ಬಲ್ಕ್ ಎಸ್‌ಎಂಎಸ್ ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ನಿಮ್ಮ ಸಂಸ್ಥೆ, ಕಳಿಸುವ ಹೆಸರು, ಸಂದೇಶದ ಮಾದರಿ ಮೂರನ್ನೂ ನೋಂದಾಯಿಸಬೇಕು. ದರ ವಿಚಾರಿಸುವಾಗ ಇದು ನೆನಪಿರಲಿ: ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ಗುಣಿತದ ಚಿಹ್ನೆ, ಒತ್ತು ಎಲ್ಲ ಬಿಡಿಬಿಡಿಯಾಗಿ ಎಣಿಕೆಗೆ ಬರುತ್ತವೆ. 71ನೇ ಸಂಕೇತ ಬಂದರೆ ಎರಡು ಸಂದೇಶದ ದರ ಬೀಳುತ್ತದೆ.

ಬಂದವರ ಗುರುತು

ಕುಕೀ ಎಂದರೆ ವೆಬ್‌ಸೈಟು ನೋಡುಗರ ಫೋನಿನಲ್ಲಿ ಬಿಟ್ಟುಬರುವ ಪುಟ್ಟ ಗುರುತು. ಒಮ್ಮೆ ನಿಮ್ಮ ಪುಟ ನೋಡಿ ಹೋದವರಿಗೆ ಬೇರೆ ಕಡೆಯೂ ನಿಮ್ಮ ಜಾಹೀರಾತು ಕಾಣುವಂತೆ ಮಾಡುವ ರೀಮಾರ್ಕೆಟಿಂಗ್ ನಡೆಯುವುದು ಇಂಥ ಗುರುತಿನಿಂದ. ಎಷ್ಟು ಮಂದಿ ಬಂದರು, ಎಲ್ಲಿಂದ ಬಂದರು ಎಂದು ಎಣಿಸುವ ಉಚಿತ ಸಾಧನ ಗೂಗಲ್ ಅನಾಲಿಟಿಕ್ಸ್. ಅದರಲ್ಲಿ ಯೂಸರ್ ಎಂದರೆ ವ್ಯಕ್ತಿ, ಸೆಷನ್ ಎಂದರೆ ಒಂದು ಭೇಟಿ. 10 ಸೆಕೆಂಡಿಗಿಂತ ಹೆಚ್ಚು ನಿಂತ, ಎರಡು ಪುಟವಾದರೂ ನೋಡಿದ ಅಥವಾ ಫೋನ್ ಬಟನ್ ಒತ್ತಿದಂಥ ಮುಖ್ಯ ಕೆಲಸ ಮಾಡಿದ ಭೇಟಿಗಳನ್ನು ಅದು 'ಎಂಗೇಜ್ಡ್' ಎನ್ನುತ್ತದೆ. ಉಳಿದವುಗಳ ಪ್ರಮಾಣ ಬೌನ್ಸ್ ರೇಟ್. ಬಂದವರೆಲ್ಲ ಕ್ಷಣದಲ್ಲಿ ಮರಳುತ್ತಿದ್ದರೆ ಜಾಹೀರಾತು ಹೇಳಿದ್ದು ಪುಟದಲ್ಲಿ ಸಿಗುತ್ತಿಲ್ಲ ಎಂದು ಅನುಮಾನಿಸಬೇಕು.

ಗಿರಾಕಿಯ ಹೆಸರು, ನಂಬರು ಪಡೆದ ಮೇಲೆ ಅದನ್ನು ಕಾಯುವ ಹೊಣೆಯೂ ನಿಮ್ಮದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಯಾಗುತ್ತಿವೆ. ಫಾರಂನಲ್ಲಿ ಬೇಕಾದಷ್ಟನ್ನೇ ಕೇಳಿ, ಏಕೆ ಕೇಳುತ್ತಿದ್ದೀರಿ ಎಂದು ಕನ್ನಡದಲ್ಲೇ ಬರೆಯಿರಿ. ಪಿ.ಜಿ. ನಡೆಸುವವರು ವಿದ್ಯಾರ್ಥಿನಿಯರ ಆಧಾರ್ ಪ್ರತಿಯನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿ ಫೋನಿನಲ್ಲೇ ವರ್ಷಗಟ್ಟಲೆ ಬಿಡುವುದು ನಿಲ್ಲಬೇಕು. ಏಜೆನ್ಸಿ ನಿಮ್ಮ ಲೀಡುಗಳನ್ನು ಬೇರೆಯವರಿಗೆ ಕೊಡುವಂತಿಲ್ಲ ಎಂಬ ಸಾಲು ಒಪ್ಪಂದದಲ್ಲಿ ಇರಲಿ.

ಕೆಲಸ ಒಪ್ಪಿಸಿಕೊಳ್ಳುವ ದಿನ

ಕೊನೆಯ ಕಂತು ಕೊಡುವ ಮುನ್ನ ಎಲ್ಲ ಖಾತೆಗಳನ್ನೂ ಎದುರಿಗೇ ತೆರೆಯಿಸಿ: ಡೊಮೇನ್, ಹೋಸ್ಟಿಂಗ್, ವರ್ಡ್‌ಪ್ರೆಸ್, ಬಿಸಿನೆಸ್ ಪ್ರೊಫೈಲ್, ಅನಾಲಿಟಿಕ್ಸ್, ಜಾಹೀರಾತಿನ ಖಾತೆ. ಪ್ರತಿಯೊಂದರಲ್ಲೂ ಮಾಲೀಕರ ಜಾಗದಲ್ಲಿ ನಿಮ್ಮ ಇಮೇಲ್ ಇರಬೇಕು, ಏಜೆನ್ಸಿ ಮ್ಯಾನೇಜರ್ ಆಗಿ ಮಾತ್ರ ಇರಬೇಕು. ಜಾಹೀರಾತನ್ನು ಅವರ ಖಾತೆಯಿಂದ ಓಡಿಸಿದ್ದರೆ, ಅವರನ್ನು ಬಿಟ್ಟ ದಿನ ಯಾವ ಕೀವರ್ಡಿಗೆ ಗಿರಾಕಿ ಬಂದರು ಎಂಬ ಅಷ್ಟೂ ಲೆಕ್ಕ ಅವರ ಜೊತೆಯೇ ಹೋಗುತ್ತದೆ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆಯನ್ನು ನಿಮ್ಮ ಫೋನಿಗೆ ಜೋಡಿಸಿ. ಇಡೀ ಸೈಟಿನ ಒಂದು ಬ್ಯಾಕಪ್ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಪಡೆಯಿರಿ. ಎಎಂಸಿ ಎಂಬ ವಾರ್ಷಿಕ ನಿರ್ವಹಣೆಯಲ್ಲಿ ತಿಂಗಳಿಗೆ ಎಷ್ಟು ತಿದ್ದುಪಡಿ, ಸೈಟ್ ನಿಂತರೆ ಎಷ್ಟು ಗಂಟೆಯಲ್ಲಿ ಸರಿಪಡಿಸುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ಹಣ ಪಡೆದು ಕೆಲಸ ಕೊಡದಿದ್ದರೆ ಮೊದಲು ಲಿಖಿತ ನೋಟಿಸ್ ಕೊಡಿ. ಮಾರ್ಗದರ್ಶನಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಓಟಿಪಿ, ಕ್ಯೂಆರ್ ಕೋಡ್ ಮೋಸದಲ್ಲಿ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ, ಹೋದ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.